ಪಟ್ಟಣದ ಹಳ್ಳಗಳೂ ಕೆಳಗಣ ಬೇಸಾಯವೂ

(ಒಬ್ಬ ವ್ಯವಸಾಯದ ಇನ್ಸ್‌ಪೆಕ್ಟರು, ಎಲ್. ಎಜಿ.)

ವ್ಯವಸಾಯದ ಇಲಾಖೆಯ ಮಾಸಪತ್ರಿಕೆಯಲ್ಲಿ ಪಟ್ಟಣದ ಹಳ್ಳಕೊಳ್ಳಗಳ ವಿಚಾರವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಬಿತ್ತನೆ, ಗೊಬ್ಬರ, ದನಗಳ ರೋಗ, ಕೀಟಗಳ ಹಾವಳಿ ಇವುಗಳನ್ನು ಕುರಿತು ಬರೆಯುವುದೇ ನಮ್ಮಂಥವರಿಗೆ ವಿಹಿತವಾದ ಕೆಲಸವೆಂದೂ, ಊರೊಳಗಿನ ಮೋರಿಗಳ ಚಿಂತೆಯು ನಗರಾಡಳಿತದವರಿಗೆ ಸೇರಿದ್ದೆಂದೂ ಅವರು ಹೇಳುವರು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಆದರೆ ಇಲಾಖೆಗಳ ಎಲ್ಲೆಯು ನೀರಿಗೆ ತಿಳಿಯದು. ಬೆಂಗಳೂರಿನ ಯಾವುದೋ ಬೀದಿಯಲ್ಲಿ ಬಟ್ಟೆ ಒಗೆದ ನೀರು ಕೆಲವು ದಿನಗಳೊಳಗಾಗಿ ಬಿಡದಿಯ ಕಡೆಯ ರೈತನ ಹುಲ್ಲಿನ ಮಡಿಗೆ ಬಂದು ನಿಲ್ಲುತ್ತದೆ. ಆ ಮಡಿಯ ಹುಲ್ಲಿನ ವಿಚಾರವು ನನ್ನ ಕೆಲಸವಾಗುವುದಾದರೆ, ಆ ನೀರು ಹರಿದುಬಂದ ದಾರಿಯ ವಿಚಾರವು ಹೇಗೆ ಆಗದೆ ಹೋದೀತು?

ಬೆಂಗಳೂರು ದೊಡ್ಡ ನದಿಯ ದಡದಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದಲ್ಲಿರುವ ಒಂದು ದಿಬ್ಬದ ಬೆನ್ನಿನ ಮೇಲೆ ಅದು ಕುಳಿತಿದೆ. ಮನೆಯ ಹೆಂಚಿನ ಮೇಲೆ ಬಿದ್ದ ಮಳೆಯು ಎರಡು ಕಡೆಗೂ ಇಳಿಯುವಂತೆ ಅಲ್ಲಿ ಬಿದ್ದ ಮಳೆಯೂ ಬೇರೆ ಬೇರೆ ದಿಕ್ಕಿಗೆ ಇಳಿಯುತ್ತದೆ. ಹೆಬ್ಬಾಳದ ಕಣಿವೆ, ಕೋರಮಂಗಲ ಚಲ್ಲಘಟ್ಟದ ಕಣಿವೆ ಇವೆರಡರ ನೀರು ಪೂರ್ವಾಭಿಮುಖವಾಗಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಕಡೆಗೆ ಹೋಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ನಂಬಿರುವ ವೃಷಭಾವತಿಯು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹಾದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯೊಡನೆ ಕೂಡಿ ಕಾವೇರಿಗೆ ಇಳಿಯುತ್ತದೆ. ಈ ಹಳ್ಳಗಳ ಉದ್ದಕ್ಕೂ ನಮ್ಮ ಪೂರ್ವಿಕರು ಸರಪಣಿಯ ಕೊಂಡಿಗಳಂತೆ ಕೆರೆಗಳನ್ನು ಕಟ್ಟಿದ್ದರು. ಮೇಲಣ ಕೆರೆಯು ಕೋಡಿ ಬಿದ್ದರೆ ಆ ನೀರು ಕೆಳಗಣ ಕೆರೆಗೆ. ಅದು ಕೋಡಿ ಬಿದ್ದರೆ ಅದರ ಕೆಳಗಣ ಕೆರೆಗೆ. ಕೋಡಿಯಿಂದ ಕೆರೆಗೆ ನೀರನ್ನು ಒಯ್ಯುವ ದಾರಿಗೆ ರಾಜಕಾಲುವೆ ಎಂದು ಹೆಸರು. ತೂಬನ್ನು ಎತ್ತಿ ಅಚ್ಚುಕಟ್ಟಿಗೆ ನೀರನ್ನು ಹಂಚುತ್ತಿದ್ದ ನೀರುಗಂಟಿಯು ಆ ದಾರಿಯನ್ನೂ ಕಾಯುತ್ತಿದ್ದನು. ಕೆರೆಯೆಂಬುದು ಹೊಟ್ಟೆಯಾದರೆ ರಾಜಕಾಲುವೆಯು ಗಂಟಲು. ಗಂಟಲನ್ನು ಕಟ್ಟಿ ಹೊಟ್ಟೆಯ ಆರೋಗ್ಯವನ್ನು ವಿಚಾರಿಸುವುದು ಈಗಿನ ನಮ್ಮ ರೀತಿ.

ಊರು ಬೆಳೆದಂತೆ ಕೆರೆಗಳು ಹೋದುವು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ಸುಗಳು ನಿಲ್ಲುತ್ತವೆ; ಸಂಪಂಗಿ ಕೆರೆಯಿದ್ದಲ್ಲಿ ಆಟದ ಮೈದಾನವಾಗಿದೆ. ಈ ಸಂಗತಿಗಳನ್ನು ಎಲ್ಲರೂ ಬಲ್ಲರು, ಎಲ್ಲರೂ ಬರೆದಿದ್ದಾರೆ. ಕೆರೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಕಾಲುವೆ ಹೋದದ್ದು ಕಾಣುವುದಿಲ್ಲ. ಭಾರತದ ಲೆಕ್ಕಪರಿಶೋಧಕರು 2021ರಲ್ಲಿ ಶಾಸನಸಭೆಯ ಮುಂದಿಟ್ಟ ವರದಿಯಲ್ಲಿ, ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲದ ಕಣಿವೆಯೊಂದರಲ್ಲೇ ಸುಮಾರು 113 ಕಿಲೋಮೀಟರಿನಷ್ಟಿದ್ದ ಕಾಲುವೆಗಳು ಈಗ ಸುಮಾರು 63 ಕಿಲೋಮೀಟರಿಗೆ ಇಳಿದಿವೆಯೆಂದು ತೋರಿಸಿದ್ದಾರೆ. ಉಳಿದ 50 ಕಿಲೋಮೀಟರು ಎಲ್ಲಿಗೆ ಹೋಯಿತು? ಅದು ಎಲ್ಲಿಯೂ ಹೋಗಿಲ್ಲ. ಮನೆಗಳ ಕೆಳಗೆ, ರಸ್ತೆಗಳ ಕೆಳಗೆ, ಗೋಡೆಗಳ ಕೆಳಗೆ ಇದೆ. ನೆಲದ ಇಳಿಜಾರು ಬದಲಾಗಿಲ್ಲವಾದ್ದರಿಂದ ನೀರಿಗೆ ಆ ಜಾಡು ಮರೆತಿಲ್ಲ.

ಇದಕ್ಕೆ ದೃಷ್ಟಾಂತವು 2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಸಿಕ್ಕಿತು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಮೊದಲಾದ ಕಡೆಗಳಲ್ಲಿ ಮಳೆಯ ನೀರು ನಿಂತು, ದೊಡ್ಡ ದೊಡ್ಡ ಕಂಪೆನಿಗಳ ನೌಕರರು ಟ್ರ್ಯಾಕ್ಟರುಗಳ ಮೇಲೆ ಕುಳಿತು ಕಛೇರಿಗಳಿಗೆ ಹೋಗಬೇಕಾಯಿತು. ಕೆಲವು ಕಡೆ ದೋಣಿಗಳನ್ನೂ ಇಳಿಸಿದರು. ಆ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಕ್ಕವರೇ ಹೆಚ್ಚು. ನನಗೆ ನಗು ಬರಲಿಲ್ಲ. ಒಂದು ಕಾಲಕ್ಕೆ ಬತ್ತವನ್ನು ನೆಟ್ಟ ಅಚ್ಚುಕಟ್ಟಿನ ಬಯಲಿಗೇ ಟ್ರ್ಯಾಕ್ಟರು ಹಿಂದಿರುಗಿ ಬಂದಿತ್ತು, ಉಳುವುದಕ್ಕೆ ಮಾತ್ರ ಅಲ್ಲ. ಅದೇ ಊರಿನಲ್ಲಿ ಎರಡು ವರ್ಷ ತುಂಬುವುದರೊಳಗೆ, ಎಂದರೆ 2024ರ ಮಾರ್ಚಿಯಲ್ಲಿ, ಸಾವಿರಾರು ಕೊಳವೆ ಬಾವಿಗಳು ಬತ್ತಿ ಜನರು ಕೊಡಗಳನ್ನು ಹಿಡಿದು ಟ್ಯಾಂಕರು ಲಾರಿಗಳ ಮುಂದೆ ಸಾಲುನಿಂತರು. ಪ್ರವಾಹವೂ ಕ್ಷಾಮವೂ ಒಂದೇ ಮನೆಗೆ ಬಂದ ಎರಡು ಅತಿಥಿಗಳಂತೆ ಕಂಡರೂ, ಎರಡಕ್ಕೂ ಕಾರಣವು ಒಂದೇ.

ಆ ಕಾರಣವನ್ನು ರೈತರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯುಂಟು. ಎಕರೆಗೆ ಲೆಕ್ಕ ಹಾಕಿದರೆ 39 ಲಕ್ಷ ಲೀಟರು. ಉತ್ತ ಹೊಲದಲ್ಲಿ ಇದರ ಬಹುಭಾಗವು ಇಂಗುತ್ತದೆ. ಸಿಮೆಂಟಿನ ಅಂಗಳದಲ್ಲಿ ಏನೂ ಇಂಗುವುದಿಲ್ಲ. ಎಲ್ಲವೂ ಹಳ್ಳಕ್ಕೆ ಒಮ್ಮೆಗೇ ನುಗ್ಗುತ್ತದೆ. ಹಳ್ಳವಾದರೂ ಮೊದಲಿನ ಹಳ್ಳವೇ? ಅದರ ಎರಡು ದಡಗಳಿಗೆ ಗೋಡೆ ಕಟ್ಟಿ, ಅನೇಕ ಕಡೆಗಳಲ್ಲಿ ತಳಕ್ಕೂ ಕಾಂಕ್ರೀಟು ಹಾಕಿ ತೊಟ್ಟಿಯನ್ನಾಗಿ ಮಾಡಿದ್ದಾರೆ. ಓಡುವ ನೀರನ್ನು ನಡೆಯಿಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು ಎಂದು ನಾವು ಹಳ್ಳಿಹಳ್ಳಿಗೆ ಹೋಗಿ ಬೋಧಿಸುತ್ತೇವೆ. ಬದುಗಳನ್ನು ಹಾಕಿಸುತ್ತೇವೆ, ಕೊರಕಲುಗಳಿಗೆ ಕಲ್ಲಿನ ಅಡ್ಡಗಟ್ಟೆಗಳನ್ನು ಕಟ್ಟಿಸುತ್ತೇವೆ. ಅದೇ ಸರ್ಕಾರದ ಹಣದಿಂದಲೇ ಪಟ್ಟಣದಲ್ಲಿ ನಡೆಯುವ ನೀರನ್ನು ಓಡಿಸುವುದಕ್ಕೂ, ಓಡುವ ನೀರನ್ನು ಹಾರಿಸುವುದಕ್ಕೂ ಗೋಡೆಗಳು ಏಳುತ್ತವೆ. ತಳವು ಮರಳೂ ಮಣ್ಣೂ ಆಗಿದ್ದ ಹಳ್ಳವು ಹರಿಯುವಾಗ ಅಕ್ಕಪಕ್ಕದ ಬಾವಿಗಳಿಗೆ ಊಟೆಯನ್ನು ಕೊಡುತ್ತಿತ್ತು. ಕಾಂಕ್ರೀಟಿನ ತೊಟ್ಟಿಯು ಯಾರಿಗೂ ಏನನ್ನೂ ಕೊಡದು.

ಇಷ್ಟೇ ಆಗಿದ್ದರೆ ಇದು ಪಟ್ಟಣದವರ ಸಂಕಟವೆಂದು ಸುಮ್ಮನಿರಬಹುದಾಗಿತ್ತು. ನಮ್ಮ ರೈತರ ಸಂಕಟವು ಇದರ ಮುಂದಿನದು.

ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗುವುದು ನಮ್ಮ ಸೀಮೆಯ ಹಳ್ಳಗಳ ಸ್ವಭಾವ. ವೃಷಭಾವತಿಯು ಈಗ ಹನ್ನೆರಡು ತಿಂಗಳೂ ಹರಿಯುತ್ತದೆ. ಇದು ಯಾವ ದೇವರ ವರವೂ ಅಲ್ಲ. 1974ರಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಗಳ ಮೂಲಕ ಮೇಲಕ್ಕೆ ಎತ್ತಿ ಬೆಂಗಳೂರಿಗೆ ತರುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಮೊದಲಾದ ಐದನೆಯ ಹಂತದಿಂದಲೇ ದಿನವೊಂದಕ್ಕೆ 77 ಕೋಟಿ 50 ಲಕ್ಷ ಲೀಟರು ನೀರನ್ನು ಹೆಚ್ಚಾಗಿ ತರುವ ಏರ್ಪಾಡಾಗಿದೆ. ಹೀಗೆ ಬಂದ ನೀರು ಕೊಳೆಯಾಗಿ ಎಲ್ಲಿಗಾದರೂ ಹೋಗಲೇ ಬೇಕಷ್ಟೆ. ಶುದ್ಧಿ ಮಾಡುವ ಕಾರ್ಖಾನೆಗಳು ಇಲ್ಲದಿಲ್ಲ. ಆದರೆ ಅವುಗಳವರೆಗೆ ಮುಟ್ಟದೆ ಅಡ್ಡದಾರಿಯಲ್ಲಿ ಹಳ್ಳಕ್ಕೆ ಬೀಳುವ ಕೊಳಚೆಯೂ, ರಾತ್ರಿವೇಳೆಯಲ್ಲಿ ಕೆಲವು ಕಾರ್ಖಾನೆಗಳು ಗುಟ್ಟಾಗಿ ಬಿಡುವ ನೀರೂ ವೃಷಭಾವತಿಯೊಳಗೆ ಕೂಡುತ್ತವೆ. ಮಳೆಯ ನೀರಿಗೆಂದು ಇದ್ದ ದಾರಿಯನ್ನು ಕೊಳಚೆಗೆ ಬಿಟ್ಟುಕೊಟ್ಟದ್ದೇ ಎಲ್ಲ ಅನರ್ಥಕ್ಕೂ ಮೂಲವೆಂಬುದು ನನ್ನ ಅಭಿಪ್ರಾಯ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬೈರಮಂಗಲದ ಕಾಲುವೆಯ ಬಯಲಿನಲ್ಲಿ ನಾನು ತಿರುಗಾಡುತ್ತಿದ್ದಾಗ ಒಬ್ಬ ವೃದ್ಧ ರೈತನು ತನ್ನ ಮೇವಿನ ಹುಲ್ಲನ್ನು ತೋರಿಸಿದನು. ಆಳೆತ್ತರದ ಹುಲ್ಲು, ಕಡುಹಸುರಾದ ಗರಿ. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷು ಮೂರೂ ಇರುತ್ತವೆಂದು ಪಾಠಶಾಲೆಯಲ್ಲಿ ಕಲಿತವನಾದ ನಾನು ಅಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕಿ, ಇನ್ನು ಮೇಲೆ ಯೂರಿಯಾವನ್ನು ಅರ್ಧಕ್ಕೆ ಇಳಿಸಿದರೂ ಸಾಕೆಂದು ಹೇಳಿದೆನು. ದಿನಚರಿಯಲ್ಲಿಯೂ ಇದನ್ನು ಒಂದು ಒಳ್ಳೆಯ ಕೆಲಸವೆಂದು ಬರೆದೆನು. ಆಗ ಆತನ ಹೆಂಡತಿಯು, “ಹುಲ್ಲೇನೋ ಚೆನ್ನಾಗಿದೆ ಸ್ವಾಮಿ. ಆದರೆ ಈ ನೀರಿಗೆ ಕೈಯಿಟ್ಟರೆ ರಾತ್ರಿಯೆಲ್ಲಾ ನವೆ. ನಮ್ಮ ಬಾವಿಯ ನೀರನ್ನು ನಾವು ಕುಡಿದು ಎಷ್ಟೋ ವರ್ಷವಾಯಿತು” ಎಂದಳು. ಆ ಮಾತಿಗೆ ನಾನು ಉತ್ತರವನ್ನು ಕೊಡಲಿಲ್ಲ. ಬಾವಿಯ ವಿಚಾರವು ಬೇರೆ ಇಲಾಖೆಯದೆಂದು ಮನಸ್ಸಿನಲ್ಲಿ ಅಂದುಕೊಂಡು ಮುಂದಿನ ಹೊಲಕ್ಕೆ ಹೋದೆನು.

ಮುಂದಿನ ವರ್ಷಗಳಲ್ಲಿ ಆ ಬಯಲನ್ನು ಮತ್ತೆ ಮತ್ತೆ ನೋಡಿದಾಗ ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದೇನೆಂಬುದು ತಿಳಿಯಿತು. ಬತ್ತವು ಸಾರಜನಕದ ಅತಿಶಯದಿಂದ ಗರಿಯನ್ನೇ ಬೆಳೆಯಿಸಿ, ತೆನೆ ಕಟ್ಟುವ ಹೊತ್ತಿಗೆ ಮಲಗಿ, ಜೊಳ್ಳಾಗುತ್ತದೆ. ಆದುದರಿಂದಲೇ ಆ ಭಾಗದವರು ಬತ್ತವನ್ನು ಬಿಟ್ಟು ಮೇವಿನ ಹುಲ್ಲು, ಎಳೆ ಮುಸುಕಿನ ಜೋಳ, ಹಿಪ್ಪುನೇರಿಳೆ ಇವುಗಳಿಗೆ ತಿರುಗಿದರು. ಇದನ್ನು ಬೆಳೆಯ ಸುಧಾರಣೆಯೆಂದು ಹೇಳುವವರುಂಟು. ದಾರಿ ಕಾಣದೆ ಮಾಡಿಕೊಂಡ ಬದಲಾವಣೆಯೆಂದು ನಾನು ಹೇಳುತ್ತೇನೆ. ಸಾಬೂನಿನ ಉಪ್ಪುಗಳಿಂದ ಜೇಡಿಮಣ್ಣು ಬಿಗಿದು, ನೀರು ಒಳಕ್ಕೆ ಇಳಿಯದೆ ಮೇಲೆಯೇ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಸೀಸ, ಕ್ರೋಮಿಯಂ, ನಿಕಲ್ ಮುಂತಾದ ಲೋಹಗಳು ಕಾರ್ಖಾನೆಯ ನೀರಿನೊಡನೆ ಬಂದರೆ ಮಣ್ಣಿನಲ್ಲಿಯೇ ಉಳಿಯುತ್ತವೆ. ಸಗಣಿಯಂತೆ ಅವು ಕೊಳೆತು ಗೊಬ್ಬರವಾಗುವ ಪದಾರ್ಥಗಳಲ್ಲ. ಈ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಕೂಡುತ್ತಾ ಹೋಗುತ್ತದೆ. ಸೊಪ್ಪುಗಳೂ ಗೆಡ್ಡೆಗಳೂ ಅವುಗಳನ್ನು ಬೇಗ ಹೀರುತ್ತವೆ. ಸೊಪ್ಪು ಮಾರುಕಟ್ಟೆಗೆ ಹೋಗುತ್ತದೆ, ಹುಲ್ಲನ್ನು ತಿಂದ ಹಸುವಿನ ಹಾಲು ಡೈರಿಗೆ ಹೋಗುತ್ತದೆ. ಪಟ್ಟಣವು ಹಳ್ಳದಲ್ಲಿ ಕಳುಹಿಸಿದ್ದರ ಒಂದು ಪಾಲು ಪಟ್ಟಣಕ್ಕೇ ಬುಟ್ಟಿಯಲ್ಲಿ ಹಿಂದಿರುಗುವ ಸಂಭವವುಂಟು. ಊರಿನ ಮಹಾಜನಗಳು ಕೆಳಗಣ ರೈತನ ಮೇಲಣ ಕನಿಕರದಿಂದಲ್ಲದಿದ್ದರೂ ತಮ್ಮ ಊಟದೆಲೆಯ ಮೇಲಣ ಭಯದಿಂದಾದರೂ ಈ ವಿಷಯವನ್ನು ಯೋಚಿಸಬಹುದು.

ಪೂರ್ವದ ಕಡೆಯ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯು ನೊರೆಯೆದ್ದು ರಸ್ತೆಗೆ ಬಂದದ್ದನ್ನೂ, 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನೂ ಲೋಕವೆಲ್ಲಾ ನೋಡಿದೆ. 2018ರ ಜನವರಿಯಲ್ಲಿ ಆ ಬೆಂಕಿಯನ್ನು ಆರಿಸುವುದಕ್ಕೆ ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದಿತೆಂದು ಹಿಂದಿನವರಿಗೆ ಹೇಳಿದ್ದರೆ ಗಾದೆಯೆಂದು ತಿಳಿಯುತ್ತಿದ್ದರು. ಬಟ್ಟೆ ಪಾತ್ರೆ ತೊಳೆಯುವ ಪುಡಿಗಳಲ್ಲಿನ ನೊರೆಗಾರ ವಸ್ತುಗಳು ಕೋಡಿಯಲ್ಲಿ ಬಿದ್ದು ಕಡೆಯಲ್ಪಟ್ಟರೆ ನೊರೆಯೇಳುತ್ತದೆ; ರಂಜಕವು ಅಂತರಗಂಗೆಗೆ ಗೊಬ್ಬರವಾಗುತ್ತದೆ. ಅಂತರಗಂಗೆಯನ್ನು ಕೀಳಿಸುವುದಕ್ಕೆ ಖರ್ಚಾಗುವ ಹಣವನ್ನು ಮೇಲಣ ಕಾಲುವೆಗಳನ್ನು ಶುದ್ಧಿ ಮಾಡುವುದಕ್ಕೆ ಖರ್ಚುಮಾಡಿದ್ದರೆ ಎಂದು ನನಗೆ ಅನೇಕ ಸಾರಿ ಅನ್ನಿಸಿದೆ. ಗೊಬ್ಬರ ಹಾಕುತ್ತಲೇ ಕಳೆ ಕೀಳುವ ರೈತನನ್ನು ನಾವು ಬುದ್ಧಿವಂತನೆಂದು ಕರೆಯುವುದಿಲ್ಲ. ಅದೇ ನೊರೆಯು ದಕ್ಷಿಣ ಪಿನಾಕಿನಿಯಲ್ಲಿ ತೇಲಿ ಹೊಸೂರಿನ ಹತ್ತಿರದ ಕೆಲವರಪಳ್ಳಿ ಜಲಾಶಯದಲ್ಲಿ ಕಂಡು, ಅಲ್ಲಿಯ ರೈತರೂ ದೂರಿಕೊಂಡಿದ್ದಾರೆ. ಅವರಾಡುವ ಭಾಷೆ ಬೇರೆಯಾದ ಮಾತ್ರಕ್ಕೆ ಅವರ ದೂರು ನಮ್ಮದಲ್ಲವೆನ್ನಲಾಗದು.

ಪಟ್ಟಣದ ನೀರನ್ನು ಬೇಸಾಯಕ್ಕೆ ಬಳಸಲೇ ಬಾರದೆ ಎಂದು ಕೇಳಿದರೆ, ಬಳಸಬೇಕೆಂಬುದೇ ನನ್ನ ಮತ. 2018ರ ಜೂನಿನಲ್ಲಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರದ ಕೆರೆಗೆ ಬಂದು ಬಿದ್ದಾಗ, ವರ್ಷಗಟ್ಟಲೆ ಬರಿದಾಗಿದ್ದ ಕೆರೆಯ ಏರಿಯ ಮೇಲೆ ನಿಂತು ಪೂಜೆ ಮಾಡಿದವರ ಸಂತೋಷವು ಸುಳ್ಳಾದದ್ದಲ್ಲ. ದಿನಕ್ಕೆ 44 ಕೋಟಿ ಲೀಟರುಗಳನ್ನು 126 ಕೆರೆಗಳಿಗೆ ಹರಿಸುವ ಯೋಜನೆಯಿದು. ಬಾವಿಗಳಲ್ಲಿ ನೀರು ಏರಿದ್ದುಂಟು. ಆದರೆ ಮರು ತಿಂಗಳಲ್ಲೇ ಅಲ್ಲಿಯೂ ನೊರೆ ಕಂಡು, ವಿಷಯವು ನ್ಯಾಯಾಲಯಗಳಿಗೆ ಹೋಗಿ ಕೆಲವು ಕಾಲ ನೀರು ನಿಂತು, ಅನಂತರ ಮತ್ತೆ ಹರಿಯಿತು. ನೀರನ್ನು ಎರಡು ಹಂತಗಳಲ್ಲಿ ಮಾತ್ರ ಶುದ್ಧಿ ಮಾಡಿದ್ದಾರೆ, ಮೂರನೆಯ ಹಂತವೂ ಆಗಬೇಕೆಂದು ಕೋಲಾರದ ರೈತರು ಕೇಳುವುದು ನ್ಯಾಯವಾದದ್ದು. ಬಾಯಾರಿದವನಿಗೆ ಎಂಥ ನೀರನ್ನು ಕೊಟ್ಟರೂ ಆದೀತೆಂದು ಎಣಿಸುವುದು ದಾನದ ರೀತಿಯಲ್ಲ.

ಇನ್ನು ರಕ್ಷಣೆಯ ವಿಚಾರ. ಹಸುರು ನ್ಯಾಯಾಧಿಕರಣವು 2016ರ ಮೇ ತಿಂಗಳಲ್ಲಿ ಕೆರೆಗಳ ಸುತ್ತ 75 ಮೀಟರು, ರಾಜಕಾಲುವೆಗಳ ಪಕ್ಕದಲ್ಲಿ ಅವುಗಳ ದರ್ಜೆಯಂತೆ 50, 35, 25 ಮೀಟರು ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ವಿಧಿಸಿತು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನಗರಯೋಜನೆಯಲ್ಲಿ ಕಾನೂನಿನಂತೆ ಗೊತ್ತಾದ ಅಳತೆಗಳನ್ನು ನ್ಯಾಯಾಧಿಕರಣವು ಬದಲಿಸಲಾಗದೆಂದು ಆ ವಿಧಿಯನ್ನು ತೆಗೆದುಹಾಕಿತು. ನ್ಯಾಯದ ಸೂಕ್ಷ್ಮಗಳನ್ನು ತೂಗುವುದು ನನಗೆ ಸೇರಿದ್ದಲ್ಲ. ಬೇಸಾಯಗಾರನ ದೃಷ್ಟಿಯಿಂದ ಹೇಳಬಹುದಾದದ್ದು ಇಷ್ಟು: ಅಳತೆಯು ಎಷ್ಟಾದರೂ ಇರಲಿ, ಆ ಪಟ್ಟಿಯ ಮೇಲೆ ಏನಿದೆಯೆಂಬುದು ಮುಖ್ಯ. ಇಪ್ಪತ್ತೈದು ಮೀಟರು ಕಲ್ಲುಹಾಸಿಗಿಂತ ಹತ್ತು ಮೀಟರು ಹೊಂಗೆ, ನೇರಳೆ, ಅತ್ತಿಮರಗಳೂ, ಅವುಗಳ ಕೆಳಗೆ ಲಕ್ಕಿಯೂ ಲಾವಂಚವೂ ಇರುವ ದಡವು ಹೆಚ್ಚು ಕೆಲಸಮಾಡುತ್ತದೆ. ಲಾವಂಚದ ಬೇರು ದಡವನ್ನು ಹಿಡಿಯುತ್ತದೆ. ತಳದ ಜಂಬುಹುಲ್ಲು ನೀರಿನ ಓಟವನ್ನು ತಡೆದು ಕಲ್ಮಷದ ಒಂದಷ್ಟನ್ನು ಹೀರುತ್ತದೆ. ಕೋರಮಂಗಲದ ಕಣಿವೆಯಲ್ಲಿ ಸುಮಾರು 9 ಕಿಲೋಮೀಟರು ಉದ್ದದ ರಾಜಕಾಲುವೆಯೊಂದನ್ನು ‘ಕೆ-100’ ಎಂಬ ಹೆಸರಿನಿಂದ 2021ರಿಂದೀಚೆಗೆ ಸರಿಪಡಿಸಲು ಹೊರಟಿದ್ದಾರೆ. ಅದರಲ್ಲಿ ಮೆಚ್ಚತಕ್ಕದ್ದು ದಡದ ಮೇಲಣ ನಡೆದಾಡುವ ದಾರಿಯಲ್ಲ, ಕೊಳಚೆಯ ನೀರನ್ನು ಮಳೆಯ ನೀರಿನಿಂದ ಬೇರ್ಪಡಿಸಿ ಬೇರೆ ಕೊಳವೆಗೆ ತಿರುಗಿಸುವ ಉದ್ದೇಶ. ಅದೊಂದನ್ನು ಎಲ್ಲ ಕಣಿವೆಗಳಲ್ಲಿಯೂ ನೆರವೇರಿಸಿದರೆ, ಶೃಂಗಾರದ ಕೆಲಸವು ಹತ್ತು ವರ್ಷ ತಡವಾದರೂ ನಷ್ಟವಿಲ್ಲ.

ಪಟ್ಟಣದವರನ್ನೇ ದೂರಿ ನಮ್ಮವರನ್ನು ಬಿಟ್ಟುಬಿಟ್ಟರೆ ಪಕ್ಷಪಾತವಾದೀತು. ರಾಜಕಾಲುವೆಯನ್ನು ನುಂಗುವ ವಿದ್ಯೆಯು ಲೇಔಟು ಮಾಡುವವರಿಂದ ಹುಟ್ಟಿದ್ದಲ್ಲ. ಕಾಲುವೆಯ ಅಂಚಿನ ಹೊಲದವನು ವರ್ಷಕ್ಕೊಂದು ನೇಗಿಲ ಸಾಲನ್ನು ಒಳಕ್ಕೆ ತೆಗೆದುಕೊಂಡು, ಇಪ್ಪತ್ತು ವರ್ಷಗಳಲ್ಲಿ ಹಳ್ಳವನ್ನು ಕಾಲುದಾರಿಯಾಗಿಯೂ ಕಾಲುದಾರಿಯನ್ನು ಬದುವಾಗಿಯೂ ಮಾಡಿರುವುದನ್ನು ನಾನು ಎಷ್ಟೋ ಗ್ರಾಮಗಳಲ್ಲಿ ಕಂಡಿದ್ದೇನೆ. ಪಟ್ಟಣವು ಆ ಗ್ರಾಮಕ್ಕೆ ಬಂದು ಮುಟ್ಟುವ ವೇಳೆಗೆ ಕಾಲುವೆಯು ನಕ್ಷೆಯಲ್ಲಿ ಮಾತ್ರ ಉಳಿದಿರುತ್ತದೆ. ಕೊಂಡವನು ಅದರ ಮೇಲೆ ಗೋಡೆಯೆಬ್ಬಿಸಿದರೆ ಆಶ್ಚರ್ಯವೇನು? ಈಗ ಹೊಸಕೋಟೆ, ದೇವನಹಳ್ಳಿ, ಆನೇಕಲ್ಲು, ನೆಲಮಂಗಲ ಈ ಕಡೆಗಳ ಹಳ್ಳಗಳು ಅರ್ಧ ಹಳ್ಳಿಯವೂ ಅರ್ಧ ಪಟ್ಟಣದವೂ ಆಗಿವೆ. ಬೆಂಗಳೂರಿನೊಳಗಣ ಕಾಲುವೆಗಳನ್ನು ಮನೆಗಳ ಕೆಳಗಿಂದ ತೆಗೆಯುವುದು ಎಷ್ಟು ಕಷ್ಟವೆಂಬುದು 2022ರ ಮಳೆಯ ನಂತರ ನಡೆದ ತೆರವಿನ ಕೆಲಸದಲ್ಲಿ ಗೊತ್ತಾಗಿದೆ. ಈ ತಾಲ್ಲೂಕುಗಳಲ್ಲಿಯಾದರೋ ಇನ್ನೂ ಒಂದು ಸರಪಣಿ ಹಿಡಿದು, ಗ್ರಾಮನಕ್ಷೆಯನ್ನು ಬಿಚ್ಚಿ, ಎಲ್ಲೆಕಲ್ಲು ನೆಡುವುದಷ್ಟೇ ಕೆಲಸ. ಪಹಣಿಯಲ್ಲಿ ‘ಬಿ’ ಖರಾಬು ಎಂದು ಬರೆದಿರುವ ಹಳ್ಳದ ನೆಲವು ಯಾರ ಪಟ್ಟೆಗೂ ಸೇರಿದ್ದಲ್ಲ. ಸೈಟುದಾರನು ಬರುವುದಕ್ಕೆ ಮುಂಚೆಯೇ ಗ್ರಾಮ ಪಂಚಾಯಿತಿಯವರು ಅರ್ಜಿ ಹಾಕಿ ಅಳತೆ ಮಾಡಿಸಿಕೊಳ್ಳುವುದು ಮೇಲು. ನನ್ನ ಹೋಬಳಿಯ ಮೂರು ಗ್ರಾಮಗಳಲ್ಲಿ ಈ ಮಾತನ್ನು ಆಡಿದ್ದೇನೆ. ಒಂದರಲ್ಲಿ ಮಾತ್ರ ಅರ್ಜಿ ಹೋಗಿದೆ. ಉಳಿದ ಎರಡರಲ್ಲಿ ಅರ್ಜಿ ಹಾಕಬೇಕಾದವರೇ ಕಾಲುವೆಯನ್ನು ಉತ್ತವರು.

ನಮ್ಮ ಇಲಾಖೆಯ ಪಾಲಿನ ಕೆಲಸವೂ ಒಂದುಂಟು. ನಗರದ ಹಳ್ಳಗಳನ್ನು ಕುರಿತ ಸಮಿತಿಗಳಲ್ಲಿ ಇಂಜಿನಿಯರುಗಳೂ ಆರೋಗ್ಯದವರೂ ಕುಳಿತುಕೊಳ್ಳುತ್ತಾರೆ. ಆ ನೀರನ್ನು ಕೊನೆಗೆ ಕಟ್ಟಿಕೊಳ್ಳುವ ರೈತನ ಪರವಾಗಿ ಮಾತನಾಡುವವರು ಇರುವುದು ಅಪೂರ್ವ. ಕೆಳಗಣ ಅಚ್ಚುಕಟ್ಟಿನ ಮಣ್ಣು, ಸೊಪ್ಪು, ಬಾವಿಯ ನೀರು ಇವುಗಳ ಪರೀಕ್ಷೆಯನ್ನು ವರ್ಷವರ್ಷವೂ ಮಾಡಿ, ಅಂಕಿಗಳನ್ನು ಈ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕೆಂದು ಮೇಲಧಿಕಾರಿಗಳನ್ನು ಬೇಡುತ್ತೇನೆ.

ಅದಕ್ಕೆ ಮುಂಚೆ, ಪಟ್ಟಣದ ಹಳ್ಳದ ನೀರನ್ನು ಬಳಸುವ ರೈತರು ತಾವಾಗಿಯೇ ಮಾಡಬಹುದಾದದ್ದನ್ನು ತಿಳಿಸುತ್ತೇನೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟು ಇವುಗಳನ್ನು ಆ ನೀರಿನಲ್ಲಿ ಬೆಳೆಯಬಾರದು. ನೀರು ಕಟ್ಟುವಾಗ ರಬ್ಬರಿನ ಬೂಟನ್ನೂ ಕೈಚೀಲವನ್ನೂ ಹಾಕಿಕೊಳ್ಳಬೇಕು. ಬಾವಿಯಿದ್ದರೆ ಒಂದು ಸಾರಿ ಹಳ್ಳದ ನೀರು, ಒಂದು ಸಾರಿ ಬಾವಿಯ ನೀರು ಎಂದು ಬದಲಿಸಿ ಕಟ್ಟುವುದು ಒಳ್ಳೆಯದು. ಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕೊಟ್ಟಿರಬೇಕು. ಪರೀಕ್ಷೆಗೆ ನೀರನ್ನು ಹಿಡಿಯುವ ಕ್ರಮ ಹೇಗೆಂದರೆ: ಒಂದು ಲೀಟರಿನ ಚೊಕ್ಕಟವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಾರಿ ತೊಳೆದು, ಹಳ್ಳದ ನೀರಾದರೆ ದಡವನ್ನು ಬಿಟ್ಟು ನಡುಹರಿವಿನಲ್ಲಿಯೂ, ಕೊಳವೆ ಬಾವಿಯದಾದರೆ ಪಂಪು ಅರ್ಧ ಗಂಟೆ ಓಡಿದ ಮೇಲೆಯೂ ತುಂಬಬೇಕು. ರೈತನ ಹೆಸರು, ಗ್ರಾಮ, ಸರ್ವೆ ನಂಬರು, ತಾರೀಖು ಇವುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಬಿಸಿಲಿಗೆ ಇಡದೆ ಅದೇ ದಿನ ಅಥವಾ ಮರುದಿನ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಿದರೆ, ಅಲ್ಲಿಂದ ಪರೀಕ್ಷಾಲಯಕ್ಕೆ ಕಳುಹಿಸಿಕೊಡುವಂತೆ ಕೇಳಬಹುದು. ಮುಂಗಾರು ಹಿಡಿಯುವುದಕ್ಕೆ ಮುಂಚೆ, ಹಳ್ಳದಲ್ಲಿ ಮಳೆಯ ನೀರು ಬೆರೆಯದಿರುವಾಗಲೇ ಒಂದು ಸೀಸೆಯನ್ನೂ, ಮಳೆ ಹಿಡಿದ ಮೇಲೆ ಮತ್ತೊಂದನ್ನೂ ತಂದುಕೊಡುವುದು ಉತ್ತಮ.